ಯಾತ್ರೆಯ ಕೊನೆಗೆ ಸಂತ ಫಿಲೋಮಿನಾ

ನಮ್ಮ ಕಡೆಯಿಂದ ಮೈಸೂರು ಸೀಮೆಗೆ ಯಾತ್ರೆ ಹೊರಡುವ ಬಸ್ಸುಗಳಲ್ಲಿ ಡ್ರೈವರನ ಎದುರಿನ ಗಾಜಿಗೆ ಒಂದು ಕಾಗದ ಅಂಟಿಸಿರುವುದನ್ನು ನೀವು ನೋಡಿರಬಹುದು. ನೋಡಬೇಕಾದ ಸ್ಥಳಗಳ ಪಟ್ಟಿ ಅದು. ಶ್ರವಣಬೆಳಗೊಳ, ಮೇಲುಕೋಟೆ, ಶ್ರೀರಂಗಪಟ್ಟಣ, ನಂಜನಗೂಡು, ಚಾಮುಂಡಿಬೆಟ್ಟ ಎಂದು ಸಾಲಾಗಿ ಬಂದು, ಅರಮನೆ, ಮೃಗಾಲಯ ಎಂದಾದ ಮೇಲೆ, ಎಲ್ಲಕ್ಕೂ ಕಡೆಯಲ್ಲಿ, ಕಾಗದದಲ್ಲಿ ಜಾಗ ಸಾಲದೆ ಅಕ್ಷರ ಸಣ್ಣದಾಗಿ, ‘ಚರ್ಚು, 20 ನಿಮಿಷ’ ಎಂದು ಬರೆದಿರುತ್ತದೆ. ನಾನು ಬರೆದ ಪಟ್ಟಿಯಲ್ಲಿಯೂ ಹಾಗೆಯೇ ಇತ್ತು. ಆ ಇಪ್ಪತ್ತು ನಿಮಿಷದ ವಿಚಾರವಾಗಿಯೇ ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಯಾತ್ರೆಯ ಏರ್ಪಾಡು ನನ್ನ ತಲೆಗೆ ಬಂದದ್ದು ಹೇಗೆಂದು ನನಗೇ ತಿಳಿಯದು. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನಿಗೆ ಲೆಕ್ಕ ಇಡುವುದು ಬರುತ್ತದೆ, ಗದರಿಸುವುದೂ ಬರುತ್ತದೆ ಎಂದು ನೆಂಟರು ಭಾವಿಸಿರಬೇಕು. ಸಂಕ್ರಾಂತಿ ಕಳೆದು, ರಾಗಿಯ ಕಣ ಮುಗಿದು, ಹಳ್ಳಿಯ ಕಡೆಯ ನಂಟರಿಗೂ ಬಿಡುವಾದ ಕಾಲ. ಬಸ್ಸು ನಸುಕಿನಲ್ಲಿ ಹಿರಿಯೂರಿನಲ್ಲಿ ಹೊರಟಿತು. ಚಿತ್ರದುರ್ಗದಲ್ಲಿ ನಾವು ಹತ್ತಿದೆವು. ಹೊಳಲ್ಕೆರೆಯಲ್ಲಿ ಒಂದು ಗುಂಪು, ಹೊಸದುರ್ಗದಲ್ಲಿ ಇನ್ನೊಂದು. ಒಟ್ಟು ನಲವತ್ತಮೂರು ಜನ. ನಾಲ್ಕು ಊರಿನ ಬುತ್ತಿ, ನಾಲ್ಕು ಬಗೆಯ ಚಟ್ನಿಪುಡಿ; ಹತ್ತು ಗಂಟೆಯೊಳಗೆ ಎಲ್ಲರಿಗೂ ಎಲ್ಲರ ಮನೆಯ ಸಮಾಚಾರ ತಿಳಿದುಹೋಗಿತ್ತು.

ತಕರಾರು ಎದ್ದದ್ದು ಹೊಸದುರ್ಗ ಬಿಟ್ಟ ಸ್ವಲ್ಪ ಹೊತ್ತಿಗೆ. ಹೊಳಲ್ಕೆರೆಯ ಯಜಮಾನರೊಬ್ಬರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಓದಿ, “ಮೇಷ್ಟ್ರೇ, ಯಾತ್ರೆ ಅಂದ ಮೇಲೆ ಯಾತ್ರೆ. ಅದು ಚಾಮುಂಡಿಯಲ್ಲಿಗೆ ಮುಗಿಯಿತು. ಈ ಕೊನೇದು ಯಾಕೆ? ಅದು ಅವರ ದೇವಸ್ಥಾನ. ನಾವು ಹೋಗಿ ಮಾಡುವುದೇನು?” ಎಂದರು. ಸಿಟ್ಟಿನಿಂದ ಕೇಳಿದ ಮಾತಲ್ಲ. ಹಿಂದಿನ ಸೀಟಿನ ಕಾಲೇಜು ಹುಡುಗ, ಮೈಸೂರಿಗೆ ಹೋದವರೆಲ್ಲ ಅದನ್ನು ನೋಡಿಯೇ ನೋಡುತ್ತಾರೆ ಅಜ್ಜಾರೇ ಎಂದ. ಮಾತು ಬೆಳೆಯುವ ಲಕ್ಷಣ ಕಂಡು ನಾನು ನಡುವೆ ಬಾಯಿ ಹಾಕಿ, “ಪೂಜೆಗಲ್ಲ ಯಜಮಾನರೇ, ಸುಮ್ಮನೆ ಕಟ್ಟಡ ನೋಡಿ ಬರುವುದು” ಎಂದೆ. ಎಲ್ಲರೂ ಒಪ್ಪಿದರು. ಜಾಣತನದ ಉತ್ತರ ಕೊಟ್ಟೆನೆಂದು ನನಗೂ ಅನಿಸಿತು. ಆ ಉತ್ತರವೇ ತಪ್ಪೆಂದು ತಿಳಿಯಲು ನಾಲ್ಕು ದಿನ ಬೇಕಾಯಿತು.

ನಡುವಿನ ಊರುಗಳ ವರ್ಣನೆಗೆ ಹೋಗುವುದಿಲ್ಲ. ಅವನ್ನು ನೋಡದವರು ನಿಮ್ಮಲ್ಲಿ ವಿರಳ. ಒಂದೆರಡು ಮಾತು ಮಾತ್ರ. ಬೆಳಗೊಳದ ದೊಡ್ಡಬೆಟ್ಟದ ಮೆಟ್ಟಿಲಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ ಹೊಸದುರ್ಗದವರನ್ನು ಕೇಳಿದೆ: ನಿಮ್ಮ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆಯಲ್ಲ, ಎಷ್ಟು ಜನ ನೋಡಿದ್ದೀರಿ? ಹನ್ನೆರಡು ಜನರಲ್ಲಿ ಇಬ್ಬರು ಕೈ ಎತ್ತಿದರು. ದೂರದ ಬೆಟ್ಟ ಏರುತ್ತೇವೆ, ಹತ್ತಿರದ ಬಸದಿಗೆ ಹೋಗುವುದಿಲ್ಲ. ನಾನೇನು ಮಹಾ, ನಾನೂ ಅದನ್ನು ನೋಡಿದ್ದು ಐವತ್ತು ದಾಟಿದ ಮೇಲೆ. ನಂಜನಗೂಡಿನಲ್ಲಿ, ಟಿಪ್ಪು ಸುಲ್ತಾನನ ಆನೆಯ ಕಣ್ಣು ನಂಜುಂಡನ ಸೇವೆಯಿಂದ ಗುಣವಾಯಿತೆಂದೂ, ಅಂದಿನಿಂದ ಆ ದೇವರಿಗೆ ಹಕೀಂ ನಂಜುಂಡನೆಂದು ಹೆಸರು ಬಂತೆಂದೂ, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಸ್ಥಳದವರು ಹೇಳುವ ಕಥೆಯನ್ನು ನಮ್ಮವರು ಬಾಯಿ ಬಿಟ್ಟುಕೊಂಡು ಕೇಳಿದರು. ಯಜಮಾನರು ಕೈ ಮುಗಿದು, “ದೇವರಿಗೆ ಯಾರಾದರೇನು” ಎಂದರು. ಆ ಮಾತನ್ನು ಆಗಲೇ ಹಿಡಿದು ಚರ್ಚಿನ ವಿಷಯಕ್ಕೆ ತಿರುಗಿಸಬಹುದಾಗಿತ್ತು. ಹೊಳೆಯಲಿಲ್ಲ.

ನಾಲ್ಕನೆಯ ದಿನ ಸಂಜೆ ನಾಲ್ಕೂವರೆಯ ಹೊತ್ತಿಗೆ ಬಸ್ಸು ಅಶೋಕ ರಸ್ತೆಯಲ್ಲಿ ಬಂದು ನಿಂತಿತು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಅರಮನೆ; ಅರ್ಧ ಜನ ನಿದ್ದೆಯಲ್ಲಿದ್ದರು. “ಇಪ್ಪತ್ತೇ ನಿಮಿಷ, ಬೇಗ ಬೇಗ” ಎಂದು ನಾನು ಕೂಗುತ್ತಿರುವಾಗ ಡ್ರೈವರ್ ಹತ್ತಿರ ಬಂದು ಸಂಕೋಚದಿಂದ ನಿಂತ. ಚಿತ್ರದುರ್ಗದವನೇ, ನಲವತ್ತರ ಆಸುಪಾಸು, ಮಾತು ಕಡಿಮೆ. “ಸಾರ್, ಇಲ್ಲಿ ಒಂದರ್ಧ ಗಂಟೆ ಸಿಕ್ಕಿದರೆ ನಾನೂ ಒಳಗೆ ಹೋಗಿ ಬರುತ್ತಿದ್ದೆ. ಎಷ್ಟೋ ಸಲ ಬಂದಿದ್ದೇನೆ, ಗಾಡಿ ಬಿಟ್ಟು ಹೋಗಲು ಆಗುವುದಿಲ್ಲ. ನಾವು ಕ್ರಿಶ್ಚಿಯನ್ನರು, ಸಾರ್” ಎಂದ.

ಆ ಬಸ್ಸಿನ ಗಾಜಿನ ಮೇಲುಗಡೆ ಚಾಮುಂಡಿಯ ಪಟ, ತಿಪ್ಪೇರುದ್ರಸ್ವಾಮಿಯ ಪಟ, ಅವೆರಡರ ನಡುವೆ ಏಸುಸ್ವಾಮಿಯ ಚಿಕ್ಕ ಪಟ ಇದ್ದುದನ್ನು ನಾಲ್ಕು ದಿನವೂ ನಾವೆಲ್ಲ ನೋಡಿದ್ದೆವು. ಮಾಲೀಕನ ಏರ್ಪಾಡು ಅಂದುಕೊಂಡಿದ್ದೆವೇ ವಿನಾ ಯಾರೂ ಕೇಳಿರಲಿಲ್ಲ. ಬೆಳಗೊಳದ ಬೆಟ್ಟದ ಕೆಳಗೆ ಮೂರು ಗಂಟೆ, ನಂಜನಗೂಡಿನ ಹೊಳೆಯ ದಡದಲ್ಲಿ ಎರಡು ಗಂಟೆ, ಮೇಲುಕೋಟೆಯಲ್ಲಿ ಪುಳಿಯೋಗರೆ ಮುಗಿಯುವವರೆಗೆ ನಮಗಾಗಿ ಕಾದವನು ಅವನು. ಅವನ ಸರದಿ ಬಂದಾಗ ನಾವು ಇಟ್ಟದ್ದು ಇಪ್ಪತ್ತು ನಿಮಿಷ. ಅದೂ ಅವನಿಗಾಗಿ ಅಲ್ಲ.

ನಾನು ಏನು ಹೇಳಬೇಕೆಂದು ತೋಚದೆ ನಿಂತಾಗ ಮಾತಾಡಿದವರು ಯಜಮಾನರು. ಅವರು ಸೀಟಿನಿಂದ ಎದ್ದಿರಲಿಲ್ಲ. “ಹೋಗಿ ಬಾರಪ್ಪ. ಗಾಡಿಗೆ ನಾನಿದ್ದೇನೆ. ನಾನಂತೂ ಇಳಿಯುವವನಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇದ್ದು ಬಾ” ಎಂದರು. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಆ ಇಪ್ಪತ್ತು ನಿಮಿಷ ಹೊಡೆದುಹಾಕಿ” ಎಂದರು. ಅವರು ಇಳಿಯಲಿಲ್ಲ, ನಿಜ. ತಮ್ಮ ನಿಯಮವನ್ನೂ ಬಿಡಲಿಲ್ಲ, ಇನ್ನೊಬ್ಬರ ದರ್ಶನಕ್ಕೂ ಅಡ್ಡಿ ಬರಲಿಲ್ಲ. ಅದು ಹೇಗೆ ಸಾಧ್ಯವೆಂಬುದನ್ನು ನಾನು ಅಂದು ಕಂಡೆ.

ಹೀಗೆ ಹೊತ್ತು ಸಿಕ್ಕಿತು. ಹೊತ್ತು ಸಿಕ್ಕಿದ್ದರಿಂದ ಕಣ್ಣೂ ತೆರೆಯಿತು.

ಸಂತ ಫಿಲೋಮಿನಾ ಚರ್ಚಿನ ಎದುರು ನಿಂತವರ ತಲೆ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಮುಂಭಾಗದ ಜೋಡಿ ಗೋಪುರಗಳ ಎತ್ತರ 175 ಅಡಿ. ಜರ್ಮನಿಯ ಕೊಲೋನ್ ನಗರದ ಹೆಸರಾಂತ ಚರ್ಚಿನ ಮಾದರಿಯನ್ನು ಮುಂದಿಟ್ಟುಕೊಂಡು ಕಟ್ಟಿದ್ದು. ಆ ಕೊಲೋನಿನ ಕಥೆಯೂ ಕೇಳುವಂಥದು: 1248ರಲ್ಲಿ ಶುರುವಾದ ಕಟ್ಟಡ ನಡುವೆ ನೂರಾರು ವರ್ಷ ಅರೆಬರೆಯಾಗಿ ನಿಂತು, ಮುಗಿದದ್ದು 1880ರಲ್ಲಿ. ನಮ್ಮಲ್ಲಿ ಕೆರೆಯ ಕೆಲಸ ಎರಡು ವರ್ಷ ತಡವಾದರೆ ಆಡಿಕೊಳ್ಳುತ್ತೇವೆ. ಅದರ ಗೋಪುರಗಳು ಇದರ ಮೂರರಷ್ಟು ಎತ್ತರ. ಆದರೂ ಮೈಸೂರಿನ ಈ ಗೋಪುರಗಳೇನೂ ಸಣ್ಣವಲ್ಲ. ದುರ್ಗದ ಬಂಡೆಗಳನ್ನು ನೋಡಿ ಬೆಳೆದ ಕಣ್ಣಿಗೆ ಎತ್ತರವೆಂದರೆ ಭಾರ, ಗಟ್ಟಿತನ. ಇಲ್ಲಿಯ ಎತ್ತರ ಬೇರೆ ಬಗೆ. ಮೇಲೆ ಹೋದಂತೆ ಹಗುರವಾಗುತ್ತ, ಚೂಪಾಗುತ್ತ ಹೋಗುತ್ತದೆ.

ಕೆಥೆಡ್ರಲ್ ಎಂಬ ಮಾತಿಗೆ ದೊಡ್ಡ ಚರ್ಚೆಂದು ನಾವೆಲ್ಲ ಅರ್ಥ ಮಾಡುತ್ತೇವೆ. ಅದು ಸರಿಯಲ್ಲ. ಕತೇದ್ರಾ ಎಂದರೆ ಆಸನ, ಪೀಠ. ಬಿಷಪ್ಪರ ಪೀಠ ಯಾವ ಚರ್ಚಿನಲ್ಲಿದೆಯೋ ಅದು ಕೆಥೆಡ್ರಲ್. ಕನ್ನಡ ಕ್ರೈಸ್ತರು ಪ್ರಧಾನಾಲಯ ಎನ್ನುತ್ತಾರೆ. ಪೀಠ ಎಂದರೇನು, ಪೀಠವಿರುವ ಊರಿನ ಗೌರವವೇನು ಎಂಬುದನ್ನು ಮುರುಘಾಮಠವನ್ನೂ ಸಿರಿಗೆರೆಯನ್ನೂ ಬಲ್ಲ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂತ ಫಿಲೋಮಿನಾ ಮೈಸೂರು ಧರ್ಮಕ್ಷೇತ್ರದ ಪ್ರಧಾನಾಲಯ. ನಮ್ಮ ಚಿತ್ರದುರ್ಗದ ಕ್ಯಾಥೊಲಿಕರು ಸೇರಿದ್ದು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, 1988ರಲ್ಲಿ ಸ್ಥಾಪನೆಯಾದದ್ದು, ಅವರ ಪ್ರಧಾನಾಲಯ ಶಿವಮೊಗ್ಗದಲ್ಲಿದೆ. ಇದನ್ನು ನನಗೆ ಹೇಳಿದವನು ನಮ್ಮ ಡ್ರೈವರೇ. ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದ ನನಗೆ ನನ್ನ ಊರಿನ ಜನರ ಈ ಸಂಗತಿ ಗೊತ್ತಿರಲಿಲ್ಲ.

ಇನ್ನು ಅಡಿಗಲ್ಲಿನ ವಿಷಯ. ಈ ಜಾಗದಲ್ಲಿ ಮೊದಲು ಒಂದು ಚಿಕ್ಕ ಚರ್ಚಿತ್ತು. ಅದನ್ನು 1843ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಹೊಸ ಚರ್ಚಿನ ಅಡಿಪಾಯದ ಕಾಲಕ್ಕೆ ಸಿಕ್ಕ ಹಳೆಯ ಶಿಲಾಲೇಖದ ಒಕ್ಕಣೆಯ ತಾತ್ಪರ್ಯ ಇಷ್ಟು: ಲೋಕಗಳನ್ನೂ ಸಕಲ ಜೀವಿಗಳನ್ನೂ ಸೃಷ್ಟಿಸಿ ಕಾಪಾಡಿ ಆಳುವ ಒಬ್ಬನೇ ದೇವರ ಹೆಸರಿನಲ್ಲಿ ಇದನ್ನು ಕಟ್ಟಿದೆ. ನಮ್ಮ ಊರಿನ ಯಾವುದಾದರೂ ಗುಡಿಯ ಕಲ್ಲಿನ ಮೇಲೆ ಬರೆಸಿದರೂ ಸಲ್ಲುವ ಒಕ್ಕಣೆ. ಈಗಿನ ಚರ್ಚಿಗೆ 1933ನೆಯ ಇಸವಿ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ದೇವರ ಕರುಣೆ ಒಂದು, ಮನುಷ್ಯರ ಕೃತಜ್ಞತೆ ಒಂದು, ಈ ಎರಡರ ಮೇಲೆ ಈ ಚರ್ಚು ನಿಲ್ಲುತ್ತದೆ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು.

ಇಸವಿ 1933 ಎಂದು ನಾನು ಹೇಳುತ್ತಲೇ ಹಿರಿಯೂರಿನ ಅಜ್ಜಿಯೊಬ್ಬರು ನಿಂತುಬಿಟ್ಟರು. “ಮಾರಿಕಣಿವೆ ಕೋಡಿ ಬಿದ್ದ ವರ್ಷ! ನಮ್ಮಪ್ಪ ಹೇಳುತ್ತಿದ್ದರು” ಎಂದರು. ನಿಜವೇ. ವೇದಾವತಿಗೆ ಕಟ್ಟಿದ ಆ ಜಲಾಶಯ 1907ರಲ್ಲಿ ಮುಗಿದರೂ ತುಂಬಿ ಕೋಡಿ ಹರಿದದ್ದು 1933ರಲ್ಲಿ; ಮತ್ತೆ ಹರಿಯಲು 89 ವರ್ಷ ಕಾಯಬೇಕಾಯಿತು, 2022ರವರೆಗೆ. ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂದದ್ದು ಯಾರಿಂದ? ಮಗ ಚಿಕ್ಕವನಿದ್ದಾಗ ರಾಜ್ಯವನ್ನು ನೋಡಿಕೊಂಡ ವಾಣಿವಿಲಾಸ ಸನ್ನಿಧಾನ, ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. ಆ ಮಗನೇ ನಾಲ್ವಡಿಯವರು. ತಾಯಿಯ ಹೆಸರಿನ ಕಟ್ಟೆ ತುಂಬಿದ ವರ್ಷವೇ ಮಗ ಇಲ್ಲಿ ಈ ಕಲ್ಲು ಇಟ್ಟರು. ಎರಡಕ್ಕೂ ಒಂದಕ್ಕೊಂದು ಸಂಬಂಧವೇನೂ ಇಲ್ಲ, ನಾನು ಬಲ್ಲೆ. ಆದರೆ ಆ ಅಜ್ಜಿಯ ಮಟ್ಟಿಗೆ ಅಪರಿಚಿತವಾಗಿದ್ದ ಆ ಕಟ್ಟಡ ಆ ಕ್ಷಣದಲ್ಲಿ ಪರಿಚಯದ ಮನೆಯಾಯಿತು. ಯಾರೂ ಹೇಳುವ ಮೊದಲೇ ಚಪ್ಪಲಿಯನ್ನು ಮೆಟ್ಟಿಲ ಬದಿಗೆ ಬಿಟ್ಟು ಒಳಗೆ ನಡೆದರು. ಹಿಂದೆಯೇ ನಮ್ಮ ಹೆಂಗಸರೆಲ್ಲ ಬಿಟ್ಟರು. ನಾನೂ ಬಿಟ್ಟೆ.

ಒಳಗೆ ಹೋದ ಮೇಲೆ ಆದದ್ದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಮೇಷ್ಟ್ರ ಚಾಳಿ ಬಿಡದು. ಚರ್ಚಿನ ನೆಲಗಟ್ಟು ಶಿಲುಬೆಯ ಆಕಾರದಲ್ಲಿದೆ, ಜನ ಕೂರುವ ಈ ಉದ್ದನೆಯ ಅಂಕಣದಲ್ಲಿ 800 ಮಂದಿ ಹಿಡಿಸುತ್ತಾರೆ ಎಂದು ಕೈ ಎತ್ತಿ ಶುರುಮಾಡಿದೆ. ನಮ್ಮ ಗುಡಿಗಳಲ್ಲಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೇರವಾಗಿ ಇಳಿಯುತ್ತದೆ, ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಬೇಕು, ಒಳಗೆ ಕತ್ತಲೆ. ಈ ಗಾಥಿಕ್ ಪದ್ಧತಿಯಲ್ಲಿ ಚೂಪು ತಲೆಯ ಕಮಾನುಗಳು ಭಾರವನ್ನು ಹಂಚಿಕೊಂಡು ಕಂಬಗಳಿಗೆ ಇಳಿಸುತ್ತವೆ, ಗೋಡೆಗೆ ಹೊರೆ ಕಡಿಮೆ, ಆದ್ದರಿಂದಲೇ ಗೋಡೆ ಕೊರೆದು ಇಷ್ಟುದ್ದದ ಕಿಟಕಿಗಳನ್ನು ಇಡಲಾಯಿತು ಎಂದು ವಿವರಿಸುತ್ತಿದ್ದೆ. ಎತ್ತರದ ಛಾವಣಿ ನನ್ನ ಧ್ವನಿಯನ್ನು ಎರಡರಷ್ಟು ಮಾಡಿ ಹಿಂದಕ್ಕೆ ಕೊಡುತ್ತಿತ್ತು. ಕಿವಿಗೆ ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮುಂದಿನ ಬೆಂಚುಗಳ ನಡುವೆ ಒಬ್ಬ ಹೆಂಗಸು ಮೊಣಕಾಲೂರಿ ಕುಳಿತಿದ್ದರು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಹುಡುಗ. ಆಕೆ ತಿರುಗಿ ಒಮ್ಮೆ ನನ್ನನ್ನು ನೋಡಿದರು. ಸಿಟ್ಟಿಲ್ಲ, ಬೇಸರವೂ ಇಲ್ಲ. ಇಂಥವರು ದಿನವೂ ಬರುತ್ತಾರೆ ಎಂಬಂಥ ನೋಟ. ಮತ್ತೆ ಮುಖ ತಿರುಗಿಸಿ ತಲೆ ಬಾಗಿಸಿದರು.

ಕೇಳುತ್ತಿರುವವರೇ, ನಮ್ಮ ಊರಿನ ಗುಡಿಯಲ್ಲಿ ನೀವು ಕಣ್ಣು ಮುಚ್ಚಿ ನಿಂತಿರುವಾಗ ನಲವತ್ತು ಜನ ಒಳಗೆ ನುಗ್ಗಿ, ಅವರಲ್ಲೊಬ್ಬ ನಿಮ್ಮ ತಲೆಯ ಮೇಲಿನಿಂದ ಕೈ ತೋರಿಸಿ ಕಂಬದ ಲೆಕ್ಕ ಹೇಳತೊಡಗಿದರೆ ನಿಮಗೆ ಹೇಗಾಗುತ್ತದೆ? ಕಟ್ಟಡ ನೋಡಿ ಬರುವುದು ಎಂದು ನಾನು ಬಸ್ಸಿನಲ್ಲಿ ಹೇಳಿದ್ದೆನಲ್ಲ, ಆ ಮಾತಿನ ಫಲ ಇದು. ಕಟ್ಟಡ ನೋಡಲು ಬಂದವನಿಗೆ ಅಲ್ಲಿದ್ದ ಮನುಷ್ಯರು ಕಾಣಲಿಲ್ಲ. ಬಾಯಿ ಮುಚ್ಚಿದೆ. ಹಿರಿಯೂರಿನ ಅಜ್ಜಿ ಆಗಲೇ ಒಂದು ಬೆಂಚಿನ ಮೇಲೆ ಕೂತು ಕೈ ಮಡಿಲಲ್ಲಿಟ್ಟುಕೊಂಡಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಕೂತೆವು.

ಕೂತ ಮೇಲೆಯೇ ಕಿಟಕಿಗಳು ಕಂಡದ್ದು. ನಿಂತು ನೋಡುವಾಗ ಅವು ಬರೀ ಬಣ್ಣ. ಸಂಜೆಯ ಬೆಳಕು ಹೊರಗಿನಿಂದ ಬಂದು ಗಾಜಿನಲ್ಲಿ ಸೋಸಿ ಒಳಗೆ ಇಳಿಯುತ್ತಿತ್ತು. ಕ್ರಿಸ್ತನ ಜನನ, ಶಿಷ್ಯರೊಡನೆ ಕಡೆಯ ಊಟ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ. ಓದು ಬಾರದವರೂ ಕಣ್ಣಿನಿಂದ ಓದಬಹುದಾದ ಪುಸ್ತಕ ಅದು. ನನಗೆ ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯ ಮುಖಮಂಟಪ ನೆನಪಾಯಿತು. ಅಲ್ಲಿಯೂ ಒಳಛಾವಣಿಯ ತುಂಬ ಶಿವಪುರಾಣದ, ರಾಮಾಯಣ ಭಾರತದ ಚಿತ್ರಗಳು. ಅಲ್ಲಿ ಕುತ್ತಿಗೆ ನೋಯುವಂತೆ ತಲೆ ಎತ್ತಿ ನೋಡಬೇಕು, ಇಲ್ಲಿ ಕೂತು ನೋಡಬಹುದು. ಅಲ್ಲಿ ಬಣ್ಣ ಸುಣ್ಣದ ಗಾರೆಯ ಮೇಲೆ, ಇಲ್ಲಿ ಬೆಳಕಿನ ಮೇಲೆ. ಕತ್ತಲಾದರೆ ಈ ಚಿತ್ರಗಳು ಒಳಗಿನವರಿಗೆ ಇಲ್ಲವೇ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿಗೆ ಪಿಸುಮಾತಿನಲ್ಲಿ ಇದನ್ನು ಹೇಳಿದೆ. ಆಕೆ, “ನಮ್ಮ ಗುಡಿಯದು ಮಸಿ ಹಿಡಿದುಹೋಗಿದೆ, ಯಾರು ನೋಡುತ್ತಾರೆ” ಎಂದರು.

ಆಮೇಲೆ ನೆಲಮಾಳಿಗೆ. ಬಲಿಪೀಠದ ಕೆಳಭಾಗಕ್ಕೆ ಮೆಟ್ಟಿಲಿಳಿದು ಹೋಗಬೇಕು. ಇಕ್ಕಟ್ಟಾದ ದಾರಿ; ಎರಡೂ ಬದಿಯ ಗೋಡೆಗಳಲ್ಲಿ ದಾನ ಕೊಟ್ಟವರ ಹೆಸರಿನ ಫಲಕಗಳು. ನೆಲದಡಿಯ ಕೋಣೆ ದುರ್ಗದವರಿಗೆ ಹೊಸದಲ್ಲ. ಚಂದ್ರವಳ್ಳಿಯ ಬಳಿಯ ಅಂಕಲಿಮಠದಲ್ಲಿ ದೀಪ ಹಿಡಿದು ಕೋಣೆಯಿಂದ ಕೋಣೆಗೆ ಇಳಿದವರಿಗೆ ಆ ತಂಪು, ಆ ಮೌನ ಗೊತ್ತು. ಇಲ್ಲಿ ಗಾಜಿನ ಒಳಗೆ ಒಬ್ಬ ಹುಡುಗಿಯ ಮಲಗಿದ ಪ್ರತಿಮೆ. ನಮ್ಮವರಿಗೆಲ್ಲ ಸುಮ್ಮನೆ ಕೈ ಜೋಡಿತು.

“ಮೇಷ್ಟ್ರೇ, ಈ ಹುಡುಗಿ ಯಾರು?” ಎಂದು ಅಜ್ಜಿ ಕೇಳಿದರು.

ಗೊತ್ತಿಲ್ಲ ಎಂದು ಹೇಳಬೇಕಾಗಿತ್ತು. ಆ ಮಾತು ಮೇಷ್ಟ್ರ ಬಾಯಿಂದ ಸುಲಭವಾಗಿ ಬರುವುದಿಲ್ಲ. “ಮೇರಿಯಮ್ಮ ಇರಬೇಕು” ಎಂದೆ.

“ಅಮ್ಮ ಆದರೆ ಇಷ್ಟು ಎಳೆಯಳು ಯಾಕೆ?”

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹಿಂದೆ ನಿಂತಿದ್ದ ಡ್ರೈವರ್ ಮೆಲ್ಲಗೆ, “ಮೇರಿಯಮ್ಮ ಅಲ್ಲ ಅಜ್ಜಿ, ಇವರೇ ಫಿಲೋಮಿನಮ್ಮ. ಚಿಕ್ಕ ವಯಸ್ಸಿಗೇ ತೀರಿಕೊಂಡವರು” ಎಂದ. ಅಜ್ಜಿ ಮುಡಿಯಲ್ಲಿದ್ದ ಬೆಟ್ಟದ ಪ್ರಸಾದದ ಹೂವನ್ನು ತೆಗೆಯಲು ಹೋಗಿ, ಮುಡಿದದ್ದು ಸಲ್ಲದೆಂದು ಬಿಟ್ಟು, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ತೆಗೆದು ಅವನ ಕೈಗೆ ಕೊಟ್ಟರು. “ನಿನ್ನ ಮೇಣದ ಬತ್ತಿಯ ಜೊತೆಗೆ ನನ್ನದೂ ಒಂದು ಹಚ್ಚಪ್ಪ.” ಅವನು ಹಚ್ಚಿದ. ಅವನು ಪ್ರಾರ್ಥನೆ ಮುಗಿಸುವವರೆಗೆ ನಾವು ಹೊರಗೆ ಅಂಗಳದಲ್ಲಿ ನಿಂತಿದ್ದೆವು. ಯಾರೂ ಗಡಿಯಾರ ನೋಡಲಿಲ್ಲವೆಂದರೆ ಸುಳ್ಳಾದೀತು, ಇಬ್ಬರು ನೋಡಿದರು. ಆದರೆ ಯಾರೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ನನ್ನನ್ನು ಆ ತಪ್ಪು ಉತ್ತರ ಕಾಡಿತು. ಪುಸ್ತಕ ತೆರೆದು ನೋಡಿದೆ. ಫಿಲೋಮಿನಾಳ ಕಥೆ ನಾನು ಎಣಿಸಿದ್ದಕ್ಕಿಂತ ವಿಚಿತ್ರವಾಗಿದೆ.

ರೋಮಿನ ಪ್ರಿಸಿಲ್ಲಾ ಎಂಬ ನೆಲದಡಿಯ ಸ್ಮಶಾನದಲ್ಲಿ 1802ರ ಮೇ ತಿಂಗಳಲ್ಲಿ ಒಂದು ಸಮಾಧಿ ಸಿಕ್ಕಿತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹಂಚುಗಳು. ಮೇಲೆ ಲಂಗರು, ಬಾಣ, ಗರಿಯ ಗುರುತುಗಳು ಮತ್ತು ಅಕ್ಷರಗಳು. ಇದ್ದ ಕ್ರಮದಲ್ಲಿ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲಿನದನ್ನು ಕೊನೆಗೆ ಇಟ್ಟು ಓದಿದಾಗ, ಫಿಲೂಮೆನಾ, ನಿನಗೆ ಶಾಂತಿ ಎಂದಾಯಿತು. ಒಳಗೆ ಹದಿಹರೆಯದ ಹುಡುಗಿಯೊಬ್ಬಳ ಮೂಳೆಗಳು. ಅಷ್ಟೇ. 1805ರಲ್ಲಿ ಅವನ್ನು ಇಟಲಿಯ ಮುಗ್ನಾನೋ ಎಂಬ ಊರಿಗೆ ಒಯ್ದರು. ಅಲ್ಲಿಂದ ಭಕ್ತಿ ಹಬ್ಬಿತು. ರಾಜಕುಮಾರಿಯಾಗಿದ್ದಳು, ಚಕ್ರವರ್ತಿಯನ್ನು ಮದುವೆಯಾಗಲು ಒಪ್ಪದೆ ಪ್ರಾಣ ಕೊಟ್ಟಳು ಎಂಬ ಚರಿತ್ರೆ ಒಬ್ಬ ಸಂನ್ಯಾಸಿನಿಗೆ ಕಂಡ ದರ್ಶನದಿಂದ ಬಂದದ್ದು. ಆ ಹಂಚುಗಳು ಬೇರೊಂದು ಹಳೆಯ ಸಮಾಧಿಯವಾಗಿದ್ದು ಮತ್ತೆ ಬಳಸಿದವು ಇರಬಹುದು, ಹಾಗಾದರೆ ಹೆಸರೂ ಮೂಳೆಯೂ ಒಬ್ಬಳವೇ ಅಲ್ಲ ಎಂದು ಆಮೇಲಿನ ವಿದ್ವಾಂಸರು ವಾದಿಸಿದರು. 1961ರಲ್ಲಿ ರೋಮಿನವರೇ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆಸಿದರು. ಭಕ್ತಿ ಮಾತ್ರ ನಿಲ್ಲಲಿಲ್ಲ. ಮೈಸೂರಿಗೆ ಅವಳು ಬಂದದ್ದು, ಮಹಾರಾಜರ ಹುಜೂರ್ ಕಾರ್ಯದರ್ಶಿಗಳಾಗಿದ್ದ ಟಿ. ಆರ್. ಎ. ತಂಬೂ ಚೆಟ್ಟಿಯವರು 1926ರಲ್ಲಿ ಅವಳ ಪವಿತ್ರ ಅವಶೇಷವೊಂದನ್ನು ಪಡೆದು ತಂದದ್ದರಿಂದ. ಅದಕ್ಕೊಂದು ನೆಲೆ ಬೇಕೆಂದು ಕೇಳಿದಾಗ ನಾಲ್ವಡಿಯವರು ಮುಂದೆ ನಿಂತರು. ಒಬ್ಬ ಹೆಸರಿಲ್ಲದ ಹುಡುಗಿ, ಅಥವಾ ಬರೀ ಹೆಸರು ಉಳಿದ ಹುಡುಗಿ, ರೋಮಿನ ನೆಲದಡಿಯಿಂದ ಮೈಸೂರಿನ ನೆಲದಡಿಗೆ ಬಂದ ದಾರಿ ಇದು.

ಚರಿತ್ರೆಗೆ ಪುರಾವೆ ಬೇಕು ಎಂದು ತರಗತಿಯಲ್ಲಿ ಹುಡುಗರಿಗೆ ಹೇಳಿದವನು ನಾನು. ಈಗಲೂ ಹೇಳುತ್ತೇನೆ. ಆದರೆ ನಮ್ಮ ಕೋಟೆಯ ಓಬವ್ವನ ವಿಷಯವಾಗಿ ನಮಗೆ ತಿಳಿದಿರುವುದೆಷ್ಟು? ಒಂದು ಕಿಂಡಿ, ಒಂದು ಒನಕೆ, ತಣ್ಣೀರು ದೋಣಿ, ಜನರ ಬಾಯಲ್ಲಿ ಉಳಿದ ಮಾತು. ಆ ಕಿಂಡಿಯ ಮುಂದೆ ನಿಂತಾಗ ಪುರಾವೆ ತೋರಿಸಿ ಎಂದು ಯಾರೂ ಕೇಳುವುದಿಲ್ಲ, ಕಣ್ಣು ತೇವವಾಗುತ್ತದೆ. ಹೊಲದ ಬದುವಿನ ಮಾಸ್ತಿಕಲ್ಲಿಗೆ ಅರಿಶಿನ ಹಚ್ಚುವ ಹೆಂಗಸಿಗೆ ಆ ಕಲ್ಲಿನವಳ ಹೆಸರೂ ಗೊತ್ತಿರುವುದಿಲ್ಲ. ಅಜ್ಜಿಗೆ ನೆಲಮಾಳಿಗೆಯಲ್ಲಿ ಏನು ಅನಿಸಿತೋ ನಾನು ಹೇಳಲಾರೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ನಲವತ್ತು ಜನರಲ್ಲಿ ಕೇಳಿದವರು ಆಕೆ ಒಬ್ಬರೇ.

ಈ ಮಾತುಗಳನ್ನು ಓದುತ್ತಿರುವವರಲ್ಲಿ ಬರುವ ಬೇಸಗೆಗೆ ಬಸ್ಸು ಮಾತಾಡಿರುವವರು ಇರಬಹುದು. ನಿಮಗೊಂದೆರಡು ಸೂಚನೆ. ಚರ್ಚಿಗೆ ಹೋಗುವುದಾದರೆ ಹೊತ್ತು ಮುಳುಗುವ ಮೊದಲು ಹೋಗಿ, ಇಲ್ಲದಿದ್ದರೆ ಬಣ್ಣದ ಗಾಜಿನ ಅರ್ಧ ಬೆಲೆ ಹೋಯಿತು. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುವವರೆಗೆ ಕಾಯಿರಿ, ಅದೂ ನೋಡತಕ್ಕದ್ದೇ. ವಿವರಣೆ ಕೊಡುವ ಮೇಷ್ಟ್ರು ಯಾರಾದರೂ ಜೊತೆಗಿದ್ದರೆ ಎಲ್ಲವನ್ನೂ ಹೊರಗಿನ ಅಂಗಳದಲ್ಲಿಯೇ ಹೇಳಿಸಿ ಒಳಗೆ ಕರೆದೊಯ್ಯಿರಿ. ಆಗಸ್ಟ್ 11 ಫಿಲೋಮಿನಾಳ ಹಬ್ಬದ ದಿನವೆಂದು ಭಕ್ತರು ಪರಂಪರೆಯಿಂದ ನಡೆಸಿಕೊಂಡು ಬಂದಿದ್ದಾರೆ. ಜನಜಂಗುಳಿ ಒಗ್ಗದವರು ಬೇರೆ ದಿನ ಆರಿಸಿಕೊಳ್ಳಬಹುದು. ಮತ್ತೆ, ಬಸ್ಸು ಹೊರಡುವ ಮುಂಚೆಯೇ ಡ್ರೈವರನನ್ನು ಎಲ್ಲಿ ಇಳಿಯಬೇಕು ಅನಿಸುತ್ತದಪ್ಪ ನಿನಗೆ ಎಂದು ಒಂದು ಮಾತು ಕೇಳಿ. ನಮಗೆ ಅದು ಹೊಳೆದದ್ದು ಕೊನೆಯ ದಿನ, ಅದೂ ಅವನೇ ಬಾಯಿ ಬಿಟ್ಟ ಮೇಲೆ.

ಯಾತ್ರೆ ಮುಗಿದ ಹದಿನೈದು ದಿನಕ್ಕೆ ಲೆಕ್ಕ ಒಪ್ಪಿಸಲು ಹೊಳಲ್ಕೆರೆಗೆ ಹೋದೆ. ಯಜಮಾನರು ನನ್ನನ್ನು ಮನೆಗೆ ಕರೆದೊಯ್ಯುವ ಮೊದಲು ಗಣಪನ ಸನ್ನಿಧಿಗೆ ಕರೆದುಕೊಂಡು ಹೋದರು. 1475ರಲ್ಲಿ ಗುಲ್ಯಪ್ಪನಾಯಕ ನಿಲ್ಲಿಸಿದನೆನ್ನುವ ಆಳೆತ್ತರ ಮೀರಿದ ಮೂರ್ತಿ. ಬೆನ್ನ ಹಿಂದೆ ಜಡೆ ಇರುವ ಗಣಪ. ಬಯಲು ಗಣಪನೆಂದೇ ಜನ ಕರೆಯುತ್ತಾರೆ. ಮಂಗಳಾರತಿ ಆದ ಮೇಲೆ ಅವರು ಕೇಳಿದರು, “ಅಂದು ಒಳಗೆ ಏನಿತ್ತು ಮೇಷ್ಟ್ರೇ? ಎಲ್ಲರೂ ಸುಮ್ಮನಾಗಿ ಬಂದು ಕೂತಿರಿ. ಬಸ್ಸಿನಲ್ಲಿ ಕೇಳಬೇಕೆಂದಿದ್ದೆ, ಬಿಟ್ಟೆ.” ನಾನು ಕಿಟಕಿಯ ಬಣ್ಣದಿಂದ ಹಿಡಿದು ಮೂರು ಹಂಚಿನವರೆಗೆ ಎಲ್ಲವನ್ನೂ ಹೇಳಿದೆ. ನನ್ನ ತಪ್ಪು ಉತ್ತರವನ್ನೂ ಹೇಳಿದೆ. ಅವರು ಹಂಚುಗಳನ್ನು ಯಾವ ಕ್ರಮದಲ್ಲಿ ಇಟ್ಟರು ಎಂಬುದನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಮನೆಯಲ್ಲಿ ಲೆಕ್ಕ ನೋಡಿದೆವು. ಖರ್ಚು ಕಳೆದು 1,140 ರೂಪಾಯಿ ಉಳಿದಿತ್ತು. ಮುಂದಿನ ಪುಷ್ಯದ ಯಾತ್ರೆಗೆ ಮುಂಗಡವಾಗಿ ಇರಲೆಂದು ಯಜಮಾನರು ಹೇಳಿದರು. ಹೊಸ ಪಟ್ಟಿಯನ್ನು ಅಲ್ಲಿಯೇ ಕುಳಿತು ಬರೆದೆವು. ಮೊದಲ ಸಾಲಿನಲ್ಲಿ ಹೆಗ್ಗೆರೆ ಬಸದಿ ಬಂತು. ಕಡೆಯ ಸಾಲನ್ನು ಅವರೇ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಬರೆದರು: ಚರ್ಚು, ಒಂದೂವರೆ ಗಂಟೆ. ಅದರ ಪಕ್ಕದಲ್ಲಿ, ಬಸ್ಸಿಗೆ ಕಾವಲು ಎಂದು ಬರೆದು ತಮ್ಮ ಹೆಸರು ಹಾಕಿದರು.